ಊರಿಗೆ ಗಾಳಿ ಬಿಡುವ ಕೆಲಸ

ಹೋದ ತಿಂಗಳು ಜತ್ತದಲ್ಲಿ ಒಂದು ಮದುವೆಗೆ ಹೋಗಿದ್ದೆ. ಅಕ್ಕಿಕಾಳು ಹಾಕುವ ಹೊತ್ತು. ಅಯ್ಯನವರ ಮಂತ್ರ ಮುಗಿಯುವುದನ್ನೇ ಕಾಯುತ್ತ ಎಲ್ಲರೂ ಮುಷ್ಟಿ ಬಿಗಿಹಿಡಿದು ನಿಂತಿದ್ದರು. ನಾನು ಮಾತ್ರ ನಾಲ್ಕು ಕಾಳು ಚಿಟಿಕೆಯಲ್ಲಿ ಎತ್ತಿಕೊಂಡು, ಕೈಯನ್ನು ಮೂಗಿನ ಮಟ್ಟಕ್ಕೆ ತಂದು, ಮೆಲ್ಲಗೆ ಕೆಳಗೆ ಬಿಟ್ಟು, ಅವು ಯಾವ ಕಡೆಗೆ ವಾಲುತ್ತವೆ ಎಂದು ಬಗ್ಗಿ ನೋಡಿದೆ. ಪಕ್ಕದಲ್ಲಿದ್ದ ಬೀಗರ ಕಡೆಯ ಹಿರಿಯರೊಬ್ಬರು ಗಾಬರಿಯಿಂದ ತಮ್ಮ ಮುಷ್ಟಿಯನ್ನೂ ಬಿಚ್ಚಿ ನೋಡಿಕೊಂಡು, "ಯಾಕ್ರೀ, ಅಕ್ಕ್ಯಾಗ ಹುಳ ಅದಾವೇನು?" ಎಂದರು. ಹಿಂದೆ ನಿಂತಿದ್ದ ನನ್ನ ಹೆಂಡತಿ ಸುವರ್ಣಾ ಮೊಣಕೈಗೆ ಚಿವುಟಿ, "ಇಲ್ಲೂ ಸುರು ಮಾಡಿದ್ರಿ?" ಎಂದಳು.

ಇದು ನನಗಂಟಿಕೊಂಡ ಚಟ. ಮನೆಯಿಂದ ಹೊರಬಿದ್ದರೆ ಸಾಕು, ನೆಲದಿಂದ ಒಂದು ಚಿಟಿಕೆ ಮಣ್ಣೆತ್ತಿ ಗಾಳಿಗೆ ಬಿಟ್ಟು ನೋಡಬೇಕು. ಮಣ್ಣು ಸಿಗದಿದ್ದರೆ ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲಕ್ಕೆ ಹಿಡಿಯಬೇಕು. ಹೊಸದಾಗಿ ಪರಿಚಯವಾದವರು ನಾನು ಏನೋ ಪ್ರಶ್ನೆ ಕೇಳಲಿದ್ದೇನೆ ಎಂದುಕೊಂಡು ಸುಮ್ಮನಾಗುತ್ತಾರೆ. ಈಗ ನಾನು ಜತ್ತದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಧಂದೆಯಲ್ಲಿ ಗಾಳಿ ಬಂದರೆ ಸಾತ್ ಬಾರಾ ಉತಾರ, ಅಂದರೆ ಹೊಲದ ಪಹಣಿ, ಒಬ್ಬನದು ಇನ್ನೊಬ್ಬನ ಕೈ ಸೇರಿ, ಹೊಲಗಳೇ ಅದಲುಬದಲಾಗುವ ಸಂಭವವಿದೆ. ಆದ್ದರಿಂದ ಈ ಚಟ ಉಪಯೋಗಕ್ಕೂ ಬರುತ್ತದೆ ಎಂದು ಸುವರ್ಣಾಗೆ ಹೇಳುತ್ತೇನೆ. ಅವಳು ನಂಬುವುದಿಲ್ಲ. ನಿಜ ಸಂಗತಿ ಅವಳಿಗೆ ಗೊತ್ತಿದೆ. ನೀವು ಹೊರಗಿನವರಲ್ಲ, ನಿಮಗೂ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ನಾನು ನಮ್ಮೂರಿಗೆ ಗಾಳಿ ಬಿಡುವ ಮನುಷ್ಯನಾಗಿದ್ದೆ.

ನಮ್ಮೂರು ತಿಕೋಂಡಿಯಿಂದ ಸ್ವಲ್ಪ ಆಚೆ, ಮಹಾರಾಷ್ಟ್ರದ ಗಡಿಯ ಅಂಚಿನ ಮಡ್ಡಿಯ ಮೇಲಿದೆ. ಮಡ್ಡಿ ಎಂದರೆ ಮಣ್ಣು ಕಡಿಮೆ, ಕಲ್ಲು ಜಾಸ್ತಿ, ಗಾಳಿ ಎಲ್ಲಕ್ಕಿಂತ ಜಾಸ್ತಿ. ನಾವು ಸಣ್ಣವರಿದ್ದಾಗ ಆಷಾಢ ಬಂತೆಂದರೆ ಅವ್ವ ರೊಟ್ಟಿ ಬಡಿಯುವಾಗ ಹಿಟ್ಟು ಹಾರದಿರಲೆಂದು ಬಾಗಿಲು ಹಾಕಿಕೊಂಡು, ಒಲೆಯ ಹೊಗೆಯಲ್ಲಿ ಕೆಮ್ಮುತ್ತ ಕೂಡುತ್ತಿದ್ದಳು. ಹೊಗೆ ತಾಳದೆ ಬಾಗಿಲು ತೆಗೆದರೆ ಹಿಟ್ಟು ಹೋಯಿತು, ಹಾಕಿದರೆ ಕಣ್ಣು ಹೋಯಿತು. ಪತ್ರಾಸಿನ ತಗಡು ಹಾರದಂತೆ ಮೇಲೆ ಇಟ್ಟ ಕಲ್ಲುಗಳು ಮನೆಮನೆಗೂ ಬೇರೆ. ಯಾವ ಕಲ್ಲು ಯಾರ ಮನೆಯದೆಂದು ನೋಡಿದೊಡನೆ ಹೇಳುವವರಿದ್ದರು. ಒಮ್ಮೆ ನಮ್ಮ ಕನ್ನಡ ಸಾಲಿಯ ಗುರುಗಳ ಬಿಳಿ ಟೊಪ್ಪಿಗೆ ಹಾರಿತು. ಇಡೀ ನಾಲ್ಕನೆಯ ಇಯತ್ತೆಯ ಹುಡುಗರು ಅದನ್ನು ಬೆನ್ನಟ್ಟಿ ಓಡಿ, ಮೂರು ಹೊಲ ದಾಟಿ, ಒಂದು ಬೇಲಿ ಹಾರಿ ಹಿಡಿದಾಗ ಟೊಪ್ಪಿಗೆ ಕರ್ನಾಟಕದಲ್ಲಿತ್ತು. ಗುರುಗಳು ಬೇಸರ ಮಾಡಿಕೊಳ್ಳಲಿಲ್ಲ. "ಅದಕ್ಕೂ ತನ್ನ ಭಾಷಾ ಇದ್ದ ಕಡೆ ಹೋಗಬೇಕನ್ನಿಸೇತಿ, ಬಿಡ್ರೋ" ಎಂದರು.

ಇಂಥ ಗಾಳಿಗೆ ಒಂದು ಬೆಲೆ ಇದೆ ಎಂದು ನಮಗೆ ಗೊತ್ತಾದದ್ದು ಗಾಳಿಯಿಂದ ಕರೆಂಟು ಮಾಡುವ ಪವನಚಕ್ಕಿಗಳು ಬಂದ ಮೇಲೆ. ಮೊದಲ ರೆಕ್ಕೆ ಬಂದ ದಿನ ಇನ್ನೂ ಕಣ್ಣ ಮುಂದಿದೆ. ಲಾರಿಯ ಮುಂಭಾಗ ನಮ್ಮ ಗಲ್ಲಿಯಲ್ಲಿದ್ದರೆ ರೆಕ್ಕೆಯ ತುದಿ ಇನ್ನೂ ಊರ ಹೊರಗಿತ್ತು. ಹಿರಿಯರಲ್ಲಿ ಕೆಲವರು ಅದು ವಿಮಾನದ್ದು ಎಂದರು, ಕೆಲವರು ಹಡಗಿನದ್ದು ಎಂದರು. ಹಡಗನ್ನು ಮಡ್ಡಿಗೆ ಯಾಕೆ ತರುತ್ತಾರೆ ಎಂದು ಯಾರೂ ಕೇಳಲಿಲ್ಲ. ರೆಕ್ಕೆ ಬಂದು ಸಿಕ್ಕಿಕೊಂಡದ್ದು ನಮ್ಮ ಮನೆಯ ತಿರುವಿನಲ್ಲಿ. ನಮ್ಮ ದನದ ಕೊಟ್ಟಿಗೆಯ ಗೋಡೆ ಒಡೆಯದೆ ಅದು ಮುಂದಕ್ಕೆ ಸರಿಯುವಂತಿರಲಿಲ್ಲ. ನಮ್ಮಪ್ಪ ಆ ಗೋಡೆಗೆ ಬೆನ್ನು ಹಚ್ಚಿ ಕುಳಿತು, ಎಲೆ-ಅಡಿಕೆಯ ಚೀಲ ಬಿಚ್ಚಿದ. ಕಂಪನಿಯವರು ಬಂದು ಕೈಮುಗಿದರು.

"ಗ್ವಾಡಿ ಒಡೀರಿ, ಬ್ಯಾಡ ಅನ್ನೂದಿಲ್ಲ" ಎಂದ ಅಪ್ಪ, ಸುಣ್ಣ ಹಚ್ಚುತ್ತ. "ನಮ್ಮ ಬಸೂಗ ಒಂದು ನೌಕರಿ ಹಚ್ಚ್ರಿ. ಬಿ.ಎ. ಮುಗಿಸಿ ಎರಡ ವರ್ಷಾತು, ಇದs ಗ್ವಾಡಿ ಮ್ಯಾಲೆ ಕುಂದರತಾನ. ಗ್ವಾಡಿ ಹೋದ್ರ ಅವನರೆ ಎಲ್ಲಿ ಕುಂದ್ರಬೇಕು?"

ಹೀಗೆ ನನಗೆ ವಾಚಮನ್ ನೌಕರಿ ಸಿಕ್ಕಿತು. ಬೇರೆಯವರಿಗೆ ಡಿಗ್ರಿಯಿಂದ ನೌಕರಿ ಸಿಗುತ್ತದೆ, ನನಗೆ ಕೊಟ್ಟಿಗೆಯಿಂದ ಸಿಕ್ಕಿತು. ಖಾಕಿ ಅಂಗಿ, ಟೊಪ್ಪಿಗೆ, ಒಂದು ಸೀಟಿ, ಒಂದು ಕೋಲು ಕೊಟ್ಟರು. ಊರಿಗೆ ಅತಿ ಸಮೀಪದ ಗುಡ್ಡದ ಮೇಲಿನ ಚಕ್ಕಿಯ ಬುಡದಲ್ಲಿ ಒಂದು ತಗಡಿನ ಕ್ಯಾಬಿನ್ನು. ಅದರಲ್ಲಿ ಹಗಲೆಲ್ಲ ಕುಳಿತಿರುವುದು, ಚಕ್ಕಿ ತಾನಾಗಿ ನಿಂತರೆ ಫೋನು ಮಾಡಿ ತಿಳಿಸುವುದು, ಇಷ್ಟೇ ಕೆಲಸ. ಬುಡದ ಬಾಗಿಲಿನ ಕೀಲಿಕೈ ಕೂಡ ನನ್ನಲ್ಲಿರಲಿಲ್ಲ. ಅದಿದ್ದದ್ದು ಶಿಂಧೆ ಸಾಹೇಬರ ಹತ್ತಿರ. ಅವರು ಹದಿನೈದು ದಿನಕ್ಕೊಮ್ಮೆ ಪಿಕಪ್ ಗಾಡಿಯಲ್ಲಿ ಬಂದು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲೆ ಹತ್ತಿ, ಎಣ್ಣೆ ಹಾಕಿ ಹೋಗುವ ಮಿಸ್ತ್ರಿ. ಕೃಷ್ಣಾ ನದಿಯ ದಂಡೆಯ ಊರಿನವರು. ಮರಾಠಿ ಬಿಟ್ಟರೆ ಬೇರೆ ಬಾರದು. ಕನ್ನಡದಲ್ಲಿ ಅವರು ಕಲಿತ ಮಾತು ಎರಡೇ: "ಊಟಾ" ಮತ್ತು "ಸಾಕು". ನಮ್ಮ ಕಡೆಯ ಊಟಕ್ಕೆ ಅಷ್ಟು ಸಾಕಾಗುತ್ತಿತ್ತು.

ಒಂದು ದಿನ ಶಿಂಧೆ ಸಾಹೇಬರು ಚಕ್ಕಿ ನಿಲ್ಲಿಸಿ ಮೇಲೆ ಹೋಗಿ ರಿಪೇರಿ ಮುಗಿಸಿದರು. ಇಳಿದು ಬಂದು ಬಾಗಿಲೊಳಗೆ ನಿಂತು, ಚಾಲೂ ಮಾಡುವ ಮೊದಲು ಸುತ್ತಮುತ್ತ ಯಾರೂ ಇಲ್ಲವಲ್ಲ ನೋಡು ಎಂದು ನನಗೆ ಕೂಗಿದರು. ನಾನು ಹೊರಗೆ ನಿಂತು ಜೋರಾಗಿ ಸೀಟಿ ಊದಿ, ಬಲಗೈ ಮೇಲೆತ್ತಿ ಬೀಸಿ, ಚಾಲೂ ಮಾಡಿ ಎಂದೆ. ಅವರು ಒಳಗೆ ಗುಂಡಿ ಒತ್ತಿದರು. ರೆಕ್ಕೆಗಳು ಮೆಲ್ಲಗೆ ತಿರುಗತೊಡಗಿದವು. ಅದೇ ಹೊತ್ತಿಗೆ ಗಾಳಿಯೂ ಸ್ವಲ್ಪ ಜೋರಾಗಿ ಬೀಸಿತು. ದೂರದ ದಿಬ್ಬದ ಮೇಲೆ ಕುರಿ ಮೇಯಿಸುತ್ತಿದ್ದ ಬೀರಪ್ಪ ಕಾಕಾನಿಗೆ ಬಾಗಿಲೊಳಗಿನ ಶಿಂಧೆ ಸಾಹೇಬರು ಕಾಣಲಿಲ್ಲ. ಅವನಿಗೆ ಕಂಡದ್ದು ಇಷ್ಟೇ: ಬಸು ಸೀಟಿ ಊದಿದ, ಕೈ ಎತ್ತಿದ, ಫ್ಯಾನು ತಿರುಗಿತು, ಗಾಳಿ ಬಂತು. ಸಂಜೆ ಕುರಿ ಹಟ್ಟಿಗೆ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

ಮರುವಾರ ನೀಲವ್ವಾಯಿ ಗುಡ್ಡ ಹತ್ತಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ಕೋಲಿಲ್ಲದೆ ನಡೆಯುವವಳು. ವಿಜಯಪುರದ ಕಡೆಯಿಂದ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಮರಾಠಿ ಮಾತಾಡಲಾರೆ ಎಂದು ಹಟ ಹಿಡಿದಿದ್ದಳು. ಸಂತೆಯಲ್ಲಿ ಮರಾಠಿಯಲ್ಲಿ ದರ ಹೇಳಿದರೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ನಮ್ಮೂರ ಬೀಜದ ಜೋಳ ಅವಳ ಮನೆಯಲ್ಲಿರುತ್ತಿತ್ತು. ಹಿಂಗಾರಿ ಜೋಳ ಕೊಯ್ಯುವ ಮೊದಲು ಹೊಲದ ತುಂಬ ತಿರುಗಿ ಒಂದೊಂದೇ ತೆನೆ ಆರಿಸಿ ತಂದು, ಬೇರೆಯಾಗಿ ಬಡಿದು, ಗಾಳಿಗೆ ತೂರಿ, ಬೂದಿ ಬೆರೆಸಿ ಗಡಿಗೆಯಲ್ಲಿಡುವಳು. ಮಷೀನಿಗೆ ಹಾಕಿದರೆ ಬೀಜದ ಕಣ್ಣು ಒಡೆಯುತ್ತದೆ ಎಂದು ಅವಳ ಮಾತು. ಬಿತ್ತುವ ಕಾಲಕ್ಕೆ ಅರ್ಧ ಊರು ಅವಳ ಬಾಗಿಲಲ್ಲಿ. ಮಳೆ ಕೈಕೊಟ್ಟ ವರ್ಷವೂ ಮಂಜಿನ ಮೇಲೆಯೇ ಬೆಳೆದು ತೆನೆ ತೂಗುವ ಬೀಜ ಅದು.

ಅಂದು ಅವಳ ಕೈಯಲ್ಲಿ ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಎರಡು ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ, ಒಂದು ಗಟ್ಟಿ ಉಳ್ಳಾಗಡ್ಡಿ.

"ಉಣ್ಣೋ ಬಸು" ಎಂದಳು. "ನಾಳಿ ರಾಶಿ ಹಾಕಾಕತ್ತೀನಿ. ಹೊತ್ತ ಏರಿದ ಮ್ಯಾಲೆ ಈ ಫ್ಯಾನ ಸ್ವಲ್ಪ ನಮ್ಮ ಕಣದ ಕಡೆ ತಿರುವಿ ಬಿಡೋ. ಭಾಳ ಜೋರ ಬ್ಯಾಡ. ಹೊಟ್ಟ ಹಾರಬೇಕು, ಕಾಳ ಉಳೀಬೇಕು."

ಆಯಿ, ಇದು ಗಾಳಿ ಬಿಡುವ ಫ್ಯಾನಲ್ಲ, ಗಾಳಿಯಿಂದ ತಿರುಗುವ ಚಕ್ಕಿ ಎಂದು ಹೇಳಲು ನಾನು ಬಾಯಿ ತೆರೆದೆ. ಅದು ಸತ್ಯ, ದೇವರಾಣೆ ತೆರೆದೆ. ಆದರೆ ತೆರೆದ ಬಾಯಿಗೆ ಝುಣಕದ ವಾಸನೆ ಮೊದಲು ಹೋಯಿತು. "ನೋಡತೀನಬೇ ಆಯಿ" ಎಂದುಬಿಟ್ಟೆ.

ಮರುದಿನ ಮಧ್ಯಾಹ್ನ ಹೇಳಿ ಮಾಡಿಸಿದಂಥ ಗಾಳಿ ಬಂತು. ಹೊಟ್ಟು ಹಾರಿತು, ಕಾಳು ಉಳಿಯಿತು. ಸಂಜೆಗೆ ಅವಳ ಮನೆಯಿಂದ ಮಜ್ಜಿಗೆಯ ತಂಬಿಗೆ ಬಂತು.

ಅಲ್ಲಿಂದ ನನ್ನ ದರ್ಬಾರು ಸುರುವಾಯಿತು. ಹಪ್ಪಳ ಒಣಗಿಸುವವರು ಗಾಳಿ ಬೇಡವೆಂದು ಬಂದರು. ಮದುವೆಯ ಹಂದರ ಹಾಕುವವರು ಎರಡು ದಿನ ರಜೆ ಕೊಡು ಎಂದರು. ಸೊಳ್ಳೆ ಬಹಳವಾಗಿವೆ, ಸಂಜೆ ಸ್ವಲ್ಪ ಬಿಡು ಎಂದು ಅಂಗನವಾಡಿಯವರು ಹೇಳಿ ಕಳಿಸಿದರು. ಬೀರಪ್ಪ ಕಾಕಾನದು ಬೇರೆಯೇ ತಕರಾರು. ಮುಂಜಾನೆ ಕುರಿಗಳು ಗುಡ್ಡದ ದಾರಿಯಲ್ಲಿ ಹೋಗುವಾಗ ರೆಕ್ಕೆಯ ನೆರಳು ದಾರಿಯ ಮೇಲೆ ಸುಯ್ಯೆಂದು ಹಾಯುತ್ತಿತ್ತು. ಮೊದಲ ಕುರಿ ಅದನ್ನು ಹಳ್ಳವೆಂದು ತಿಳಿದು ನಿಲ್ಲುವುದು, ಅದರ ಹಿಂದೆ ಎಲ್ಲ ನಿಲ್ಲುವವು. ಒಂದೆರಡು ಧೈರ್ಯಸ್ಥ ಕುರಿಗಳು ನೆರಳು ಬಂದಾಗಲೆಲ್ಲ ಚಂಗನೆ ಜಿಗಿದು, ಕೆಳಗಿಳಿದರೆ ಇನ್ನೊಂದು ನೆರಳು ಬಂದು, ನಿಂತಲ್ಲೇ ಜಿಗಿಯುತ್ತಿದ್ದವು. "ಬಸು, ನನ್ನ ಕುರಿಗೋಳಿಗಿ ನೀ ಕವಾಯತ ಮಾಡಸಾಕತ್ತೀದಿ. ಎಂಟಕ್ಕ ಬಂದ ಮಾಡೋ ಇದನ್ನ" ಎನ್ನುವನು.

ಒಬ್ಬರಿಗೆ ಬೇಕಾದ ಗಾಳಿ ಇನ್ನೊಬ್ಬರಿಗೆ ಬೇಡ. ನಾನು ಒಂದು ಉಪಾಯ ಹೂಡಿದೆ. ಯಾರೇ ಬರಲಿ, ಕೇಳಿಕೊಳ್ಳುವುದು. ಆಮೇಲೆ ಕ್ಯಾಬಿನ್ನಿನ ಹಿಂದೆ ಹೋಗಿ ಒಂದು ಚಿಟಿಕೆ ಮಣ್ಣು ಬಿಟ್ಟು ನೋಡುವುದು. ಮೋಡ, ಇರುವೆ, ಹದ್ದು ಹಾರುವ ಎತ್ತರ, ಮೊಬೈಲಿನ ಹವಾಮಾನ, ಎಲ್ಲ ಕೂಡಿಸಿ ಅಂದಾಜು ಮಾಡುವುದು. ಗಾಳಿ ಬರುವಂತಿದ್ದರೆ "ಆತು, ಬಿಡತೀನಿ" ಎನ್ನುವುದು. ಇಲ್ಲದಿದ್ದರೆ ಮುಖ ಸಣ್ಣಗೆ ಮಾಡಿ, "ಮ್ಯಾಲಿಂದ ಆರ್ಡರ್ ಬಂದಿಲ್ರಿ" ಎನ್ನುವುದು. ವಿಚಾರ ಮಾಡಿ ನೋಡಿದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜನ ಗಾಳಿ ಬಸು ಎಂದು ಕರೆಯತೊಡಗಿದರು. ಅವ್ವ ಮಾತ್ರ ನನ್ನ ಡಬ್ಬಿಗೆ ರೊಟ್ಟಿ ಕಟ್ಟುವುದನ್ನೇ ಬಿಟ್ಟಳು. ಊರು ಉಣ್ಣಿಸುತ್ತಿತ್ತು.

ಆದರೆ ಈ ಧಂದೆ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಹೋಯಿತು. ಹವಾಮಾನ ಬದಲಾಗುತ್ತಿದೆ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. ನಮ್ಮೂರಲ್ಲಿ ಅದನ್ನೇ "ಗಾಳಿಗಿ ತಲಿ ಕೆಟ್ಟೈತಿ" ಎನ್ನುತ್ತಿದ್ದರು. ಮೊದಲಾದರೆ ಶಿವರಾತ್ರಿ ಕಳೆದ ಮೇಲೆ ಹೊತ್ತು ನೆತ್ತಿಯಿಂದ ಇಳಿದೊಡನೆ ತೂರುವ ಗಾಳಿ ಬರುವುದು, ಸಂಜೆಗೆ ನಿಲ್ಲುವುದು. ಈಗ ಅದಕ್ಕೆ ಹೊತ್ತಿಲ್ಲ, ದಿಕ್ಕಿಲ್ಲ. ಮಾಗಿಯಲ್ಲಿ ಸೆಕೆ, ರಾಶಿಯ ಕಾಲಕ್ಕೆ ಮಳೆ. ಒಂದು ವರ್ಷವಂತೂ ಆಲಿಕಲ್ಲು ಸಮೇತ ಮಳೆ ಬಂದು ನೀಲವ್ವಾಯಿಯ ಬೀಜದ ಜೋಳ ಕಣದಲ್ಲೇ ನೆನೆದು ಮೊಳಕೆಯೊಡೆಯಿತು. ಹಿಂದಿನ ವರ್ಷದ್ದು ಒಂದೇ ಒಂದು ಗಡಿಗೆ ಉಳಿದಿತ್ತು. ಊರವರು ಆ ಸಲ ಪೇಟೆಯಿಂದ ಪಾಕೀಟಿನ ಬೀಜ ತಂದು ಬಿತ್ತಿದರು. ಮಡ್ಡಿಯ ಬಿಸಿಲಿಗೆ ಅದು ಮೊಣಕಾಲೆತ್ತರ ಬೆಳೆದು ನಿಂತುಬಿಟ್ಟಿತು. ನೀಲವ್ವಾಯಿ ಉಳಿದಿದ್ದ ಆ ಗಡಿಗೆಯ ಬೀಜವನ್ನೆಲ್ಲ ತನ್ನ ಎರಡೆಕರೆಯಲ್ಲಿ ಬಿತ್ತಿದಳು. ಬೆಳೆ ಬಂತು. ತೆನೆ ಆರಿಸಿ, ಬಡಿದು, ಕಣದಲ್ಲಿ ಗುಡ್ಡೆ ಹಾಕಿದಳು. ಇನ್ನು ತೂರುವುದೊಂದು ಬಾಕಿ. ಆ ಗುಡ್ಡೆ ಕೆಟ್ಟರೆ ಆ ಜೋಳ ಮತ್ತೆಲ್ಲೂ ಇಲ್ಲ.

ಗಾಳಿ ನಿಂತದ್ದು ಆಗಲೇ. ಎಲೆ ಅಲುಗಲಿಲ್ಲ. ಮೊದಲನೆಯ ದಿನ ಅವಳು ಬಂದು ಕೇಳಿದಾಗ ನಾನು ಮೊಬೈಲು ನೋಡಿ "ನಾಳಿ ಬಿಡತೀನಬೇ" ಎಂದೆ. ಎರಡನೆಯ ದಿನ "ನಾಳಿ ಖರೇನ" ಎಂದೆ. ಮೂರನೆಯ ದಿನ ಎದುರು ನಿಲ್ಲಲಾಗದೆ, "ನಾಳಿ ಹನ್ನೊಂದಕ್ಕ ಪಕ್ಕಾ, ಮಂದಿ ಕೂಡಿಸಿಕೊಂಡು ತಯಾರ ಇರು" ಎಂದೆ. ಯಾಕೆ ಹಾಗೆಂದೆ ಎಂದು ಈಗಲೂ ನನಗೆ ತಿಳಿಯುವುದಿಲ್ಲ. ಬಹುಶಃ ನಾಲ್ಕು ವರ್ಷ ಊರೆಲ್ಲ ನಂಬಿದ್ದನ್ನು ಕೇಳಿ ಕೇಳಿ, ನಾನೂ ಸ್ವಲ್ಪ ನಂಬಿದ್ದೆ.

ನಾಲ್ಕನೆಯ ದಿನ ತೆಂಕಣ ದಿಕ್ಕಿನಲ್ಲಿ ಕರಿ ಮೋಡ ಎದ್ದಿತ್ತು. ಸಂಜೆಯೊಳಗೆ ಗುಡುಗು, ಆಲಿಕಲ್ಲು ಎಂದು ಎಲ್ಲರ ಮೊಬೈಲಿಗೂ ಸೂಚನೆ ಬಂದಿತ್ತು. ಹನ್ನೊಂದಾಯಿತು. ಕ್ಯಾಬಿನ್ನಿನ ಕಿಡಕಿಯಿಂದ ನೋಡಿದೆ. ಕೆಳಗೆ ಕಣದಲ್ಲಿ ಇಪ್ಪತ್ತು ಮಂದಿ ಮೊರ ಹಿಡಿದು ನಿಂತು, ಎಲ್ಲರೂ ಕತ್ತೆತ್ತಿ ನನ್ನ ಕಡೆಗೇ ನೋಡುತ್ತಿದ್ದರು. ನನ್ನ ತಲೆಯ ಮೇಲೆ ಮೂರು ರೆಕ್ಕೆಗಳು ಕೈಕಾಲು ಚಾಚಿ ಮಲಗಿದವರಂತೆ ನಿಶ್ಚಿಂತೆಯಿಂದಿದ್ದವು. ಹನ್ನೊಂದೂವರೆಗೆ ಆ ಇಪ್ಪತ್ತು ಮಂದಿ ಗುಡ್ಡ ಹತ್ತತೊಡಗಿದರು. ನನ್ನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಹಿಂಬದಿಯಿಂದ ಶಿಂಧೆ ಸಾಹೇಬರ ಪಿಕಪ್ಪೂ ಬಂತು.

ನೀಲವ್ವಾಯಿ ಏದುಸಿರು ಬಿಡುತ್ತ ಬಂದು ನಿಂತಳು. "ಏನೋ ಬಸು, ಯಾಕ ಬಿಡವಲ್ಲಿ? ರೊಕ್ಕ ಬೇಕಾ? ರೊಟ್ಟಿ ಸಾಲವಲ್ಲವಾ? ಮಳಿ ತಲಿ ಮ್ಯಾಲೆ ಬಂದೈತಿ!"

ಶಿಂಧೆ ಸಾಹೇಬರು ಟೊಪ್ಪಿಗೆ ತೆಗೆದು, ಇವರೆಲ್ಲ ಯಾಕೆ ಬಂದಿದ್ದಾರೆ, ಅಜ್ಜಿ ಏನನ್ನುತ್ತಿದ್ದಾರೆ ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದರು. ನನ್ನ ಮೇಲಿನ ಫಿರ್ಯಾದಿಗೆ ನಾನೇ ದುಭಾಷಿ! ಬಿ.ಎ. ಓದಿದ್ದು ಒಂದು ಕ್ಷಣ ಸಾರ್ಥಕವೆನಿಸಿತು. ಗಂಭೀರವಾಗಿ ಮರಾಠಿಯಲ್ಲಿ, "ಇವರೆಲ್ಲ ಚಕ್ಕಿ ನೋಡಲು ಬಂದಿದ್ದಾರೆ ಸಾಹೇಬ. ಅಜ್ಜಿಗೆ ಇದರ ಮೇಲೆ ಬಹಳ ಅಭಿಮಾನ" ಎಂದೆ.

ಆದರೆ ಬೀರಪ್ಪ ಕಾಕಾ ಕುರಿ ಹೊಡೆದುಕೊಂಡು ಪ್ರತಿವರ್ಷ ಕೃಷ್ಣೆಯ ದಂಡೆಯ ತನಕ ಹೋಗಿಬರುವವನು. ಅವನ ಮರಾಠಿ ನನ್ನದಕ್ಕಿಂತ ಚಲೋ ಇತ್ತು. ಅವನು ಮುಂದೆ ಬಂದು, "ಖೋಟಂ ಸಾಂಗತೋಯ್ ಸಾಹೇಬ!" ಎಂದ. ಸುಳ್ಳು ಹೇಳುತ್ತಿದ್ದಾನೆ ಎಂದು. ಆಮೇಲೆ ಕೈ ತಿರುವಿ ತಿರುವಿ ನಾಲ್ಕು ವರ್ಷದ ಕಥೆಯನ್ನೆಲ್ಲ ಹೇಳಿದ. ಸೀಟಿ, ಝುಣಕ, ಹಪ್ಪಳ, ಸೊಳ್ಳೆ, ಕುರಿಗಳ ಕವಾಯತು ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಶಿಂಧೆ ಸಾಹೇಬರು ಪಿಕಪ್ಪಿಗೆ ಆತು ನಿಂತರು, ಆಮೇಲೆ ಹೊಟ್ಟೆ ಹಿಡಿದುಕೊಂಡರು, ಕೊನೆಗೆ ಕಣ್ಣೊರೆಸಿಕೊಂಡರು. ನಕ್ಕು ಮುಗಿದ ಮೇಲೆ ನನಗೆ, "ಖರೆ ಏನೆಂದು ಈಗ ನೀನೇ ಅವರಿಗೆ ಹೇಳು" ಎಂದರು.

ಹೇಳಿದೆ. ಖಾಕಿ ಟೊಪ್ಪಿಗೆ ಕೈಯಲ್ಲಿ ಹಿಡಿದು, ನೆಲ ನೋಡುತ್ತ, ಇದು ಗಾಳಿ ಬಿಡೂದಿಲ್ಲ, ಗಾಳಿ ಬಂದ್ರ ಇದು ತಿರಗತೈತಿ, ತಿರಗಿ ಕರೆಂಟ್ ಮಾಡತೈತಿ, ನನ್ನ ಕೈಯಾಗ ಏನೂ ಇಲ್ಲ ಎಂದೆ. ಇಪ್ಪತ್ತು ಮಂದಿಯೂ ಕತ್ತೆತ್ತಿ ರೆಕ್ಕೆಗಳನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ನೀಲವ್ವಾಯಿ ನನ್ನನ್ನು ಬಿಟ್ಟು ಶಿಂಧೆ ಸಾಹೇಬರ ಕಡೆ ತಿರುಗಿದಳು. "ಕರೆಂಟ್ ಮಾಡತೈತಿ? ಮತ್ತ ಆ ಕರೆಂಟ್ ಎಲ್ಲಿ ಹೋಗತೈತ್ರಿ? ಇದರ ಬುಡಕ ನಮ್ಮ ಊರ ಐತಿ, ಮುಂಜಾನಿಂದ ಮನ್ಯಾಗ ಲೈಟಿಲ್ಲ. ಕರೆಂಟ್ ಇದ್ದಿದ್ರ ನಾಲ್ಕ ಮನಿ ಫ್ಯಾನ್ ತಂದು ಹಚ್ಚಿ ತೂರತಿದ್ದಿವಲ್ಲ?"

ಬೀರಪ್ಪ ಕಾಕಾ ಅದನ್ನು ಮರಾಠಿಗೆ ತಿರುಗಿಸಿದ. ನನ್ನನ್ನು ಆ ಕೆಲಸದಿಂದ ಆಗಲೇ ತೆಗೆದಿದ್ದರು. ಶಿಂಧೆ ಸಾಹೇಬರ ನಗೆ ನಿಂತಿತು. ಕರೆಂಟು ತಂತಿಯಲ್ಲಿ ದೂರ ಹೋಗಿ, ದೊಡ್ಡ ಲೈನಿಗೆ ಸೇರಿ, ಅಲ್ಲಿಂದ ಹಂಚಿ ಬರಬೇಕು ಎಂದೇನೋ ಸುರು ಮಾಡಿ, ನಡುವೆಯೇ ನಿಲ್ಲಿಸಿಬಿಟ್ಟರು. ಮೋಡ ನೋಡಿದರು. ತಾಡಪತ್ರಿ ಮುಚ್ಚಿದರೆ ಆಗದೆ ಎಂದು ಕೇಳಿದರು. ಹೊಟ್ಟಿನ ಜೋಡಿ ಮುಚ್ಚಿಟ್ಟರೆ ತೇವ ಹಿಡಿದು ಗುಡ್ಡೆ ಒಳಗೇ ಬಿಸಿಯಾಗುತ್ತದೆ, ಬೀಜ ಸಾಯುತ್ತದೆ ಎಂದಳು ನೀಲವ್ವಾಯಿ.

ಆಗ ಬೀರಪ್ಪ ಕಾಕಾ ತಲೆ ಕೆರೆಯುತ್ತ, "ಊರಾಗೆಲ್ಲ ಕರೆಂಟಿಲ್ಲ ಖರೆ, ಸಾಲ್ಯಾಗ ಮಾತ್ರ ಫ್ಯಾನ್ ತಿರಗಾಕತ್ತಿತ್ತಲಾ? ಬರೂವಾಗ ಕಿಡಕ್ಯಾಗಿಂದ ನೋಡಿದ್ನಿ" ಎಂದ.

ಸಾಲಿಯ ಮಾಳಿಗೆಯ ಮೇಲೆ ಎರಡು ವರ್ಷದ ಹಿಂದೆ ಸೋಲಾರ್ ಫಳಿಗಳನ್ನು ಕೂಡಿಸಿದ್ದರು. ಅದು ಎಲ್ಲರೂ ದಿನಾ ನೋಡುವ ಸಂಗತಿಯೇ. ಯಾರಿಗೂ ನೆನಪಾಗಿರಲಿಲ್ಲ. ಶಿಂಧೆ ಸಾಹೇಬರಿಗೆ ಮಾತು ತಿಳಿದದ್ದೇ ತಡ, ಪಿಕಪ್ಪಿನ ಹಿಂಬಾಗಿಲು ತೆಗೆದು, ಎಲ್ಲರೂ ಹತ್ತಿ ಎಂದು ಮರಾಠಿಯಲ್ಲೇ ಕೂಗಿ ಕೈಮಾಡಿದರು. ನೀಲವ್ವಾಯಿಯನ್ನು ಮುಂದೆ ಕೂಡಿಸಿಕೊಂಡರು.

ಸಾಲಿಯ ಹೆಡ್ ಅಕ್ಕೋರು ನಿಯಮದ ಹೆಂಗಸು. ಕೊರಳಲ್ಲಿ ಕನ್ನಡಕ, ಕೈಯಲ್ಲಿ ರಜಿಸ್ಟರು. "ಸಾಲಿ ಸಾಮಾನ ಸಾಲಿ ಕೆಲಸಕ್ಕ ಅಷ್ಟ ಬಳಸಬೇಕ್ರಿ. ನಾಳಿ ಯಾರರೆ ಕೇಳಿದ್ರ ನಾ ಏನ್ ಹೇಳ್ಲಿ?" ಎಂದರು. ಆಮೇಲೆ ನೀಲವ್ವಾಯಿಯ ಮುಖ ನೋಡಿದರು. ಅಕ್ಕೋರ ಮನೆಯ ಹೊಲಕ್ಕೂ ಬೀಜ ಹೋಗುತ್ತಿದ್ದದ್ದು ಅಲ್ಲಿಂದಲೇ. ರಜಿಸ್ಟರು ತೆರೆದು, ಪೆನ್ನು ತೆಗೆದು, ಓದಿಕೊಳ್ಳುತ್ತಲೇ ಬರೆದರು: "ಇಯತ್ತೆ ಐದು, ಆರು, ಏಳು. ವಿಷಯ, ಕಾರ್ಯಾನುಭವ. ಪಾಠ, ಬೀಜ ಹಸನು ಮಾಡುವುದು." ರಜಿಸ್ಟರು ಮುಚ್ಚಿ, "ತರ್ರಿ ಲಗೂನ" ಎಂದರು.

ಜೋಳ ಸೀರೆ, ಚಾದರ, ಗೋಣಿಗಳಲ್ಲಿ ಗಂಟಾಗಿ ಪಿಕಪ್ಪಿನಲ್ಲಿ ಬಂತು. ಸಾಲಿಯ ಅಂಗಳ ಗುಡಿಸಿ ತಾಡಪತ್ರಿ ಹಾಸಿದರು. ಶಿಂಧೆ ಸಾಹೇಬರು ಬ್ಯಾಟರಿ ಕೋಣೆಗೆ ಹೋಗಿ ನೋಡಿ, ಮೂರು ಬೆರಳು ತೋರಿಸಿದರು. ಮೂರೇ ಫ್ಯಾನು, ಅದಕ್ಕಿಂತ ಹೆಚ್ಚು ತಾಳದು. ನಿಲ್ಲುವ ಫ್ಯಾನುಗಳು ಮೂರು ಮನೆಯಿಂದ ಬಂದವು. ಒಂದು ಮಲ್ಲಪ್ಪಣ್ಣನ ಮಗನ ಮದುವೆಯಲ್ಲಿ ಬಂದ ಉಡುಗೊರೆ, ಇನ್ನೂ ಮೈಮೇಲಿನ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ. ತೆಗೆಯಲು ಮಲ್ಲಪ್ಪಣ್ಣ ಬಿಡಲೂ ಇಲ್ಲ. "ಹೊಲಸ ಆಗತೈತಿ, ಹಂಗs ತಿರುವ್ರಿ" ಎಂದ. ಕೊನೆಗೆ ಅವನ ಸೊಸೆಯೇ ಬಂದು ಪರ್ರನೆ ಹರಿದು ಒಗೆದಳು. ಶಿಂಧೆ ಸಾಹೇಬರು ತಮ್ಮ ಗಾಡಿಯ ವೈರೆಳೆದು ಜೋಡಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡಿ, ಸೀಟಿ ಊದು ಎಂದು ಸನ್ನೆ ಮಾಡಿದರು. ಇಡೀ ಊರು ನಕ್ಕಿತು. ಊದಿದೆ. ಮತ್ತೇನು ಮಾಡುವುದು?

ಹೆಂಗಸರು ಮೊರ ಎತ್ತಿ ಎತ್ತಿ ಸುರಿದರು. ಕಾಳು ಸರಸರನೆ ಇಳಿಯಿತು, ಹೊಟ್ಟು ಹಾರಿ ದೂರ ಬಿತ್ತು. ಅದು ಬೀಳುವ ಜಾಗದಲ್ಲಿ ಕಸಬರಿಗೆ ಹಿಡಿದು ನಿಲ್ಲುವ ಕೆಲಸವನ್ನು ನೀಲವ್ವಾಯಿ ನನಗೆ ಕೊಟ್ಟಿದ್ದಳು. ಜೋಳದ ಹೊಟ್ಟಿನ ಧೂಳು ಮೈಗೆ ಹತ್ತಿದರೆ ಏನಾಗುತ್ತದೆಂದು ಬಲ್ಲವರೇ ಬಲ್ಲರು. ಖಾಕಿಯ ಒಳಗೆ, ಕೊರಳ ಪಟ್ಟಿಯಲ್ಲಿ, ಕಿವಿಯಲ್ಲಿ, ಎಲ್ಲೆಲ್ಲೂ ಕಡಿತ. ಎರಡು ಕೈಯಲ್ಲಿ ಕಸಬರಿಗೆ, ತುರಿಸಿಕೊಳ್ಳಲು ಮೂರನೆಯ ಕೈಯಿಲ್ಲ. ನಾನು ಕುಣಿಯುವುದನ್ನು ನೋಡಿ ಬೀರಪ್ಪ ಕಾಕಾ, "ನನ್ನ ಕುರಿ ಹಿಂಗs ಜಿಗೀತಿದ್ದವು ನೋಡ" ಎಂದ.

ಎರಡೂವರೆಗೆ ಮೋಡ ಬಂದು ಸೂರ್ಯನನ್ನು ಮುಚ್ಚಿತು. ಫ್ಯಾನುಗಳು ಒಮ್ಮೆ ನಿಧಾನವಾದವು. ರೂಢಿಯ ಬಲ ನೋಡಿ, ಹತ್ತು ಮಂದಿ ಒಟ್ಟಿಗೆ ನನ್ನ ಕಡೆ ತಿರುಗಿ, "ಏ ಬಸೂ, ಬಿಡೋ!" ಎಂದು ಕೂಗಿದರು. ಶಿಂಧೆ ಸಾಹೇಬರು ಒಂದು ಫ್ಯಾನು ಬಂದು ಮಾಡಿ ಎರಡನ್ನು ಬ್ಯಾಟರಿಯ ಮೇಲೆ ಓಡಿಸಿದರು. ಸ್ವಲ್ಪ ಹೊತ್ತಿಗೆ ಅದೂ ಒಂದಾಯಿತು. ಕೊನೆಯ ಎರಡು ಗಂಟು ಉಳಿದಾಗ ಅದೂ ನಿಂತಿತು. ಹೆಂಗಸರೆಲ್ಲ ಸುತ್ತ ಕುಳಿತು ಮೊರದಲ್ಲೇ ಕೇರಿದರು. ಅಕ್ಕೋರು ರಜಿಸ್ಟರನ್ನೇ ಬೀಸಣಿಗೆ ಮಾಡಿಕೊಂಡು ಬೀಸಿದರು. ಕೊನೆಯ ಚೀಲ ಏಳನೆಯ ಇಯತ್ತೆಯ ಕೋಣೆಯೊಳಗೆ ಹೋದಾಗ ಅಂಗಳದಲ್ಲಿ ಮೊದಲ ಆಲಿಕಲ್ಲು ಬಿತ್ತು.

ಮಳೆಯ ಜೋಡಿ ಗಾಳಿ ಬಂತು. ನಾಲ್ಕು ದಿನದ ಬಾಕಿಯನ್ನೆಲ್ಲ ಒಮ್ಮೆಗೇ ಬೀಸಿತು. ಎಲ್ಲರೂ ಸಾಲಿಯ ಪಡಸಾಲೆಯಲ್ಲಿ ಸೇರಿಕೊಂಡು ಗುಡ್ಡದ ಮೇಲಿನ ಚಕ್ಕಿ ಗರಗರ ತಿರುಗುವುದನ್ನು ನೋಡುತ್ತ ನಗುತ್ತಿದ್ದರು. ನಾನು ಏಳನೆಯ ಇಯತ್ತೆಯ ಕೋಣೆಗೆ ಹೋದೆ. ನೀಲವ್ವಾಯಿ ಚೀಲಗಳ ನಡುವೆ ಕುಳಿತು, ಅಂಗೈಯಲ್ಲಿ ಕಾಳು ಹರವಿ ನೋಡುತ್ತಿದ್ದಳು.

"ಆಯಿ, ನಾ ಸುಳ್ಳ ಹೇಳಿದ್ನಿ. ತಪ್ಪಾತು" ಎಂದೆ.

"ಸುಳ್ಳ ಹೇಳಿದ್ದಕ್ಕ ಸಿಟ್ಟಿಲ್ಲೋ" ಎಂದಳು ಕತ್ತೆತ್ತದೆ. "ನಾಲ್ಕ ದಿನಾ ನಿನ್ನ ನಂಬಿ ಕುಂತೆ ನೋಡು, ಅದಕ್ಕ ಸಿಟ್ಟೈತಿ. ಗಾಳಿ ಇಲ್ಲಂದ್ರ ಇಲ್ಲ ಅಂತ ಮೊದಲs ಅಂದಿದ್ರ, ಆ ನಾಲ್ಕ ದಿನದಾಗ ಮೊರದಾಗ ಕೇರಿ ಮುಗಸತಿದ್ದೆ."

ಊರೆಲ್ಲ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವಳು ಸೆರಗಿನ ತುದಿಯಲ್ಲಿ ನೂರು ಕಾಳು ಎಣಿಸಿ ಹಾಕಿ, ಒಂದು ಬಿಳಿ ಬಟ್ಟೆಗೆ ಸುರಿದು ಗಂಟು ಕಟ್ಟಿ ನನ್ನ ಕೈಗಿಟ್ಟಳು. "ದಿನಾ ನೀರ ಚಿಮುಕ್ಸು. ಬಿಸಿಲಿಗಿ ಇಡಬ್ಯಾಡ. ಮೊಳಕಿ ಎಷ್ಟ ಬಂದಾವ ಎಣಿಸಿ ಹೇಳು. ವಾಚಮನ್ ಅದಿಯಲ್ಲ, ಇದನ್ನ ಕಾಯಿ."

ಮೂರು ದಿನ ಆ ಗಂಟನ್ನು ಕಾದೆ. ನನ್ನ ನೌಕರಿಯಲ್ಲಿ ನಿಜವಾಗಿ ಏನನ್ನಾದರೂ ಕಾದದ್ದು ಅದೇ ಮೊದಲು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡುವುದು, ಬಟ್ಟೆ ಒಣಗಿದೆಯೇ ಎಂದು ಕೆನ್ನೆಗೆ ಹಚ್ಚಿ ನೋಡುವುದು. ಚಕ್ಕಿ ಮಧ್ಯೆ ಒಮ್ಮೆ ನಿಂತದ್ದು ಕೂಡ ನನಗೆ ಗೊತ್ತಾಗಲಿಲ್ಲ, ಆಫೀಸಿನಿಂದ ಅವರೇ ಫೋನು ಮಾಡಿ ಬೈದರು. ನಾಲ್ಕನೆಯ ಮುಂಜಾನೆ ಬಿಚ್ಚಿದರೆ ಒಳಗೆಲ್ಲ ಬೆಳ್ಳನೆಯ ಮೊಳಕೆ. ಐದೋ ಆರೋ ಕಾಳು ಬಿಟ್ಟರೆ ಎಲ್ಲವೂ ಬಂದಿದ್ದವು. ಗುಡ್ಡದಿಂದ ನೀಲವ್ವಾಯಿಯ ಮನೆಯ ತನಕ ಓಡಿಕೊಂಡೇ ಹೋದೆ. ಅವಳು ಮತ್ತೊಮ್ಮೆ ತಾನೇ ಎಣಿಸಿದಳು. ನನ್ನ ಲೆಕ್ಕ ಸರಿಯಿತ್ತು. ಒಳಗೆ ಹೋಗಿ ನನಗೆ ಒಂದು ರೊಟ್ಟಿ ತಂದುಕೊಟ್ಟಳು. ಝುಣಕ ಕೊಡಲಿಲ್ಲ.

ಆ ವರ್ಷ ಬಿತ್ತನೆಗೆ ಊರಿಗೆಲ್ಲ ಬೀಜವಾಯಿತು. ಶಿಂಧೆ ಸಾಹೇಬರೂ ಒಂದು ಸಣ್ಣ ಚೀಲ ಕೇಳಿ ಒಯ್ದರು. ಅವರ ಊರಲ್ಲಿ ಎಲ್ಲಿ ನೋಡಿದರೂ ಕಬ್ಬು. ಅವರ ತಂದೆಗೆ ಸಣ್ಣಂದಿನಲ್ಲಿ ತಿಂದ ಜೋಳದ ರೊಟ್ಟಿಯ ಆಸೆಯಂತೆ, ನೀರು ಹತ್ತದ ಒಂದು ತುಂಡು ನೆಲ ಹಾಗೇ ಬಿದ್ದಿದೆಯಂತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರು ಪಿಕಪ್ಪನ್ನು ನೇರವಾಗಿ ನೀಲವ್ವಾಯಿಯ ಮನೆಗೇ ತಂದರು. ನಾನೂ ಜೊತೆಗಿದ್ದೆ. ಬೀರಪ್ಪ ಕಾಕಾ ಕುರಿಯ ಹಿಂದೆ ಊರು ಬಿಟ್ಟು ಹೋಗಿದ್ದರಿಂದ ದುಭಾಷಿಯ ಕೆಲಸ ಮತ್ತೆ ನನಗೇ ಬಂದಿತ್ತು. ಶಿಂಧೆ ಸಾಹೇಬರು ಮೊಬೈಲು ತೆಗೆದು ಫೋಟೋ ತೋರಿಸಿದರು. ಅವರ ಮುದಿ ತಂದೆ ಬಿಳಿ ಧೋತರ ಉಟ್ಟು ಹೊಲದಲ್ಲಿ ನಿಂತಿದ್ದರು. ಸುತ್ತ ಅವರ ತಲೆಗಿಂತ ಎತ್ತರದ ಜೋಳ, ಬೊಗಸೆಯಷ್ಟು ದಪ್ಪ ತೆನೆಗಳು, ಎಲ್ಲವೂ ಒಂದೇ ಕಡೆಗೆ ಬಾಗಿದ್ದವು.

ನೀಲವ್ವಾಯಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಮುಖ ಅರಳಿತು. ತೆನೆಯ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡಿ, ಶಿಂಧೆ ಸಾಹೇಬರಿಗೆ ಹೇಳಿದಳು: "ನಿಮ್ಮೂರಾಗ ಗಾಳಿ ಭಾಳ ಚಲೋ ಬಿಟ್ಟಾರ್ರಿ. ಅಲ್ಲಿ ವಾಚಮನ್ ಯಾರು?"

ಶಿಂಧೆ ಸಾಹೇಬರು ನನ್ನ ಕಡೆ ತಿರುಗಿ, ಅಜ್ಜಿ ಏನೆಂದರು ಎಂದು ಕೇಳಿದರು.

ನಾನು ಮರಾಠಿಯಲ್ಲಿ, "ಬೆಳೆ ಚೆನ್ನಾಗಿ ಬಂದಿದೆ ಎನ್ನುತ್ತಿದ್ದಾರೆ" ಎಂದೆ.